ನೂಲು ಕಾಣುವ ಕ್ಯಾಮೆರಾ

ನಮ್ಮಕ್ಕ ರಫೂ ಮಾಡುವವಳು. ಹೀಗೆಂದ ಕೂಡಲೇ ಅರ್ಧ ಜನ "ಅಂದ್ರೆ ಟೈಲರ್ರಾ?" ಎಂದು ಕೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಟೈಲರ್ ಹೊಸ ಬಟ್ಟೆ ಹೊಲಿಯುತ್ತಾನೆ. ರಫೂ ಎಂದರೆ ಇಲಿ ಕಡಿದ, ಕಿಡಿ ತಗುಲಿದ, ಮೊಳೆಗೆ ಸಿಕ್ಕಿ ಹರಿದ ಬಟ್ಟೆಯನ್ನು ಮತ್ತೆ ಮೊದಲಿನಂತೆ ಮಾಡುವುದು. ಆ ಬಟ್ಟೆಯ ಒಳಮಡಿಕೆಯಿಂದಲೇ ಒಂದೊಂದು ಎಳೆ ಬಿಡಿಸಿಕೊಂಡು, ಸೂಜಿಗೆ ಪೋಣಿಸಿ, ತೂತಿದ್ದ ಜಾಗವನ್ನು ಅಡ್ಡಕ್ಕೂ ಉದ್ದಕ್ಕೂ ನೇಯುತ್ತ ಹೋಗಬೇಕು. ಬೆರಳಗಲದ ತೂತಿಗೆ ಅರ್ಧ ದಿನ ಹಿಡಿಯುತ್ತದೆ. ಮುಗಿದ ಮೇಲೆ ಕೋಟಿನ ಯಜಮಾನ ಕನ್ನಡಕ ಹಾಕಿಕೊಂಡು ಹುಡುಕಿದರೂ ಆ ಜಾಗ ಸಿಗಬಾರದು. ಅಕ್ಕ ಮಾಡಿದ್ದು ಸಿಗುತ್ತಲೂ ಇರಲಿಲ್ಲ. ಕೆಲವರು "ನೀವು ಕೆಲಸಾನೇ ಮಾಡಿಲ್ಲ, ಬೇರೆ ಕೋಟು ಕೊಟ್ಟಿದ್ದೀರಿ" ಎಂದು ಜಗಳಕ್ಕೆ ಬಂದದ್ದೂ ಉಂಟು.

ಮದುವೆಯಾಗಿ ಎರಡೇ ವರ್ಷಕ್ಕೆ ಭಾವ ಎನ್ನಿಸಿಕೊಂಡ ಮಹಾನುಭಾವ ಹೇಳದೆ ಕೇಳದೆ ಮನೆ ಬಿಟ್ಟು ಹೋದ. ಅಕ್ಕ ನಮ್ಮಣ್ಣನ ಮನೆಯಲ್ಲಿ ಹದಿನಾಲ್ಕು ತಿಂಗಳು ಇದ್ದಳು. ಅತ್ತಿಗೆಗೆ ಬೇಕಾಗಿದ್ದುದು ನಾದಿನಿಯಲ್ಲ, ಸಂಬಳವಿಲ್ಲದ ಅಡಿಗೆಯವಳು. ಬೆಳಿಗ್ಗೆ ಐದಕ್ಕೆ ಎದ್ದು ಪಾತ್ರೆ ಹಿಡಿದರೆ ಎಲ್ಲರೂ ಉಂಡು ಏಳುವವರೆಗೆ ಅಕ್ಕ ಕುಳಿತದ್ದನ್ನು ಯಾರೂ ಕಂಡಿಲ್ಲ. ಅಷ್ಟಾದ ಮೇಲೂ ಸೋಪು ಬೇಕೆಂದರೆ ಅಣ್ಣನ ಮುಖ ನೋಡಬೇಕು. ಅಲ್ಲಿಂದ ಹೊರಬಿದ್ದು, ಒಬ್ಬ ಮುದುಕರ ಬಳಿ ಕೆಲಸ ಕಲಿತು, ಡ್ರೈಕ್ಲೀನಿಂಗ್ ಅಂಗಡಿಯೊಂದರ ಬಾಗಿಲ ಪಕ್ಕ ಒಂದು ಮಣೆ, ಒಂದು ದೀಪ ಹಾಕಿಕೊಂಡು ಕುಳಿತಳು. ಮೂವತ್ತೊಂದು ವರ್ಷ ಅಲ್ಲೇ ಕುಳಿತಳು. ಬೀದಿಯವರು ಅವಳಿಗೆ ಸೂಜಿಯಕ್ಕ ಎಂದು ಹೆಸರಿಟ್ಟರು. ಮೂರನೆಯ ಮಹಡಿಯಲ್ಲಿ ಒಂದು ಬಾಡಿಗೆ ಕೋಣೆ, ಒಂದು ಒಲೆ, ಒಂದು ಮಂಚ, ಒಳಗಿನಿಂದ ಹಾಕಿಕೊಳ್ಳುವುದಕ್ಕೆ ಒಂದು ಚಿಲಕ. ಆ ಚಿಲಕ ತನ್ನದು ಎನ್ನುವುದೇ ಅವಳಿಗೆ ದೊಡ್ಡ ಸಂಪತ್ತು.

ಈ ವರ್ಷ ಅಂಗಡಿಯವನು ಕರೆದು ಹೇಳಿದ: "ಸೂಜಿಯಕ್ಕ, ಬೇಜಾರು ಮಾಡ್ಕೋಬೇಡಿ. ಈಗ ಯಾರೂ ರಫೂ ಮಾಡಿಸಲ್ಲ. ಹರಿದ್ರೆ ಬಿಸಾಕ್ತಾರೆ. ನೀವು ಕೂರೋ ಜಾಗದಲ್ಲಿ ಇಸ್ತ್ರಿ ಮೆಷಿನ್ ಬರುತ್ತೆ. ತಿಂಗಳ ಕೊನೆಗೆ ಖಾಲಿ ಮಾಡಿಬಿಡಿ."

ಸುದ್ದಿ ಅಣ್ಣನ ಕಿವಿಗೆ ಬೀಳುವುದಕ್ಕೆ ಎರಡು ದಿನ ಸಾಕಾಯಿತು. "ಇಲ್ಲಿಗೇ ಬಂದುಬಿಡು, ಹಿಂದಿನ ಕೋಣೇಲಿ ಸಾಮಾನು ತೆಗೆಸ್ತೀನಿ" ಎಂದು ಫೋನು ಮಾಡಿದ. ಅಕ್ಕ ನನ್ನ ಹತ್ತಿರ ಬಂದು ಕುಳಿತಳು. ನಾನು ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ. ನನ್ನ ಮನೆಯಲ್ಲಿ ಅತ್ತೆ, ಮಾವ, ಗಂಡ, ಇಬ್ಬರು ಮಕ್ಕಳು, ಮಲಗುವುದಕ್ಕೆ ಒಂದೂವರೆ ಕೋಣೆ. ನನ್ನಲ್ಲಿಗೆ ಬಾ ಎನ್ನುವ ಯೋಗ್ಯತೆ ನನಗಿಲ್ಲ.

"ಅಲ್ಲಿಗೆ ಹೋದ್ರೆ ನಾನು ಸತ್ತ ಹಾಗೇ ಕಣೇ" ಎಂದಳು ಅಕ್ಕ. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಆ ವಾರವೇ ಪೇಪರಿನಲ್ಲಿ ಒಂದು ಜಾಹೀರಾತು ಕಂಡಿತು. ದೊಡ್ಡ ಲಾಂಡ್ರಿ ಕಂಪನಿಯೊಂದು ಊರೂರುಗಳಿಂದ ಹರಿದ ಬಟ್ಟೆ ತರಿಸಿ, ರಫೂ ಮಾಡುವವರ ಮನೆಗೇ ಕಳಿಸುತ್ತದಂತೆ. ಮನೆಯಲ್ಲೇ ಕುಳಿತು ಕೆಲಸ, ವಾರ ವಾರ ಸಂಬಳ. ಮಾಡಿದ ಕೆಲಸದ ಹತ್ತು ಫೋಟೋಗಳನ್ನು ಇಪ್ಪತ್ತನೆಯ ತಾರೀಖು ಸಂಜೆ ಐದರೊಳಗೆ ಕಳಿಸಬೇಕು. ಹತ್ತಿರದಿಂದ ತೆಗೆದಿರಬೇಕು, ಎಳೆ ಎಣಿಸುವಷ್ಟು ಸ್ಪಷ್ಟವಾಗಿರಬೇಕು. ಮುಂದೆ ಕೆಲಸ ಸಿಕ್ಕರೂ ಪ್ರತಿಯೊಂದು ಬಟ್ಟೆಗೂ ಫೋಟೋ ತೆಗೆದು ಕಳಿಸಬೇಕು. ಆವತ್ತು ತಾರೀಖು ಎಂಟು.

ಫೋನಿನಲ್ಲೇ ತೆಗೆಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳಿ, ಕೇಳುವುದಕ್ಕೇನು. ಅಕ್ಕನದು ಗುಂಡಿ ಒತ್ತುವ ಫೋನು. ನನ್ನ ಫೋನಿನ ಕ್ಯಾಮೆರಾದ ಗಾಜನ್ನು ನನ್ನ ಚಿಕ್ಕ ಮಗರಾಯ ಎಂದೋ ನೆಲಕ್ಕೆ ಬಡಿದು ಒಡೆದಿದ್ದಾನೆ. ಪ್ರತಿ ಬಟ್ಟೆಗೂ ಹೋಗಿ ಪಕ್ಕದ ಮನೆಯವರ ಮುಂದೆ ಕೈ ಚಾಚುವುದಕ್ಕಾಗುತ್ತದೆಯೇ? ಒಳ್ಳೆಯ ಫೋನು ಕೊಳ್ಳಬೇಕೆಂದರೆ ಅದರ ಬೆಲೆ ಕೇಳಿಯೇ ತಲೆ ಸುತ್ತಿತು. ಹಳೆಯ ಕ್ಯಾಮೆರಾ ಅಗ್ಗಕ್ಕೆ ಸಿಗುತ್ತದೆ ಎಂದು ಶಾಲೆಯ ಡ್ರಾಯಿಂಗ್ ಮೇಷ್ಟ್ರು ಹೇಳಿದರು. ಅಕ್ಕನ ಹತ್ತಿರ ಆರು ಸಾವಿರ ಇತ್ತು. ಅದು ಬರುವ ಎರಡು ತಿಂಗಳ ಕೋಣೆ ಬಾಡಿಗೆ. ಅಂದರೆ ಕ್ಯಾಮೆರಾ ಸರಿ ಹೋದರೆ ಕೋಣೆ ಉಳಿಯಿತು, ತಪ್ಪಿ ಹೋದರೆ ಕ್ಯಾಮೆರಾದ ಜೊತೆಗೆ ಕೋಣೆಯೂ ಹೋಯಿತು. ನಾವಿಬ್ಬರೂ ಜನ್ಮದಲ್ಲಿ ಕ್ಯಾಮೆರಾ ಮುಟ್ಟಿದವರಲ್ಲ.

ಮೊದಲು ಹೋದದ್ದು ಗಾಜಿನ ಬಾಗಿಲಿನ ಹೊಸ ಅಂಗಡಿಗೆ. ಟೈ ಕಟ್ಟಿದ್ದ ಸೇಲ್ಸ್‌ನವನು ಮೆಗಾಪಿಕ್ಸೆಲ್, ಸೆನ್ಸಾರ್, ಜೂಮು ಎಂದು ಒಂದೇ ಉಸಿರಿನಲ್ಲಿ ಒದರಿದ. ಅಕ್ಕ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಅದೆಲ್ಲ ಇರ್ಲಿ ಸಾರ್, ಇದರಲ್ಲಿ ನೂಲು ಕಾಣುತ್ತಾ?" ಎಂದಳು.

"ಎಲ್ಲಾ ಕಾಣುತ್ತೆ ಮೇಡಂ. ನಿಮ್ಮ ಬಜೆಟ್ ಎಷ್ಟು?"

ಹೇಳಿದೆವು. ಅವನು ಕ್ಯಾಮೆರಾವನ್ನು ಮೆಲ್ಲಗೆ ಕಪಾಟಿಗೆ ಇಟ್ಟು, "ಆ ದುಡ್ಡಿಗೆ ಇದರ ಬ್ಯಾಟರಿ ಬರುತ್ತೆ" ಎಂದ. ಹಲ್ಲು ಕಿರಿಯುತ್ತ ಹೇಳಿದ ಅನ್ನಿ. "ಬ್ಯಾಟರಿ ನೀನೇ ಇಟ್ಕೋಪ್ಪ, ತಲೆಗೆ ಹಾಕ್ಕೋ" ಎಂದು ನಾನು ಬಾಯಿ ಬಿಟ್ಟೆ. ಅಕ್ಕ ನನ್ನ ತೋಳು ಹಿಡಿದು ಹೊರಗೆ ಎಳೆದಳು. ನನ್ನ ಬಾಯಿ ಹೀಗೇ. ಮನೆಯಲ್ಲಿ ನನಗೆ ಮೆಣಸಿನಕಾಯಿ ಎಂದೇ ಕರೆಯುತ್ತಾರೆ.

ಅದೇ ಅಂಗಡಿಗಳ ಸಾಲಿನ ಕೊನೆಯಲ್ಲಿ ಹಳೆಯ ಕ್ಯಾಮೆರಾಗಳ ರಿಪೇರಿ ಅಂಗಡಿ ಇತ್ತು. ರಿಪೇರಿ ಮಾಡುವ ಯಜಮಾನರು ಊಟಕ್ಕೆ ಹೋಗಿದ್ದರು. ಅವರ ಅಳಿಯ ಕುಳಿತಿದ್ದ. ಗೋಡೆಗೆ "ಮಾರಿದ ಮಾಲಿಗೆ ಹಣ ವಾಪಸ್ ಇಲ್ಲ" ಎಂಬ ಬೋರ್ಡು. ಆರು ಸಾವಿರದೊಳಗೆ ಎರಡು ಕ್ಯಾಮೆರಾ ಇವೆ ಎಂದು ತೆಗೆದಿಟ್ಟ.

ಒಂದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಮೈಯೆಲ್ಲ ಗೀರು, ಮೂಲೆಯಲ್ಲಿ ಬಣ್ಣ ಕಿತ್ತಿದೆ. ಬೆಲೆ ಎರಡು ಸಾವಿರ. ಅದರ ಬೆನ್ನಿನ ಗುಂಡಿಯೊಂದರ ಮೇಲೆ ಒಂದು ಪುಟ್ಟ ಹೂವಿನ ಚಿತ್ರ ಇತ್ತು.

"ಈ ಹೂವು ಏನು?" ಎಂದು ಅಕ್ಕ ಕೇಳಿದಳು.

"ಹೂವಿನ ಫೋಟೋ ತೆಗೆಯೋಕೆ ಅಮ್ಮ. ಅದನ್ನ ಒತ್ತಿದ್ರೆ ಹೂವು ಚೆನ್ನಾಗಿ ಬರುತ್ತೆ" ಎಂದ ಅಳಿಯ.

ಅಕ್ಕ ಅದನ್ನು ಪಕ್ಕಕ್ಕೆ ಸರಿಸಿದಳು. "ನಂಗೆ ಹೂವು ಕಟ್ಕೊಂಡು ಏನಾಗ್ಬೇಕು? ನಂಗೆ ಬಟ್ಟೆ ತೆಗೆಯೋದು ಬೇಕು."

ಇನ್ನೊಂದು ದೊಡ್ಡದು. ಮುಂದಕ್ಕೆ ಚಾಚುವ ಉದ್ದ ಮೂತಿ, ತೂಕಕ್ಕೆ ಕೈ ಸೋಲಬೇಕು. "ಇದು ದೂರದ್ದನ್ನೂ ಹತ್ತಿರ ತರುತ್ತೆ" ಎಂದು ಅಳಿಯ ಬೀದಿಯ ಆಚೆ ಬದಿಯ ನಾಮಫಲಕ ತೋರಿಸಿದ. ನಿಜವೇ, ಅಕ್ಷರಗಳು ಮೂಗಿನ ಮುಂದೆ ಬಂದು ನಿಂತವು. ನಾವು ಲೆಕ್ಕ ಹಾಕಿದ್ದು ಹೀಗೆ: ದೂರದ್ದೇ ಇಷ್ಟು ಹತ್ತಿರ ಬರುವುದಾದರೆ, ಹತ್ತಿರದ್ದು ಇನ್ನೆಷ್ಟು ಹತ್ತಿರ ಬರಲಿಕ್ಕಿಲ್ಲ! ನೀವು ನಗಬಹುದು. ನಾನು ಬಿ.ಎ. ಓದಿದವಳು, ಈ ಲೆಕ್ಕವನ್ನು ಅಕ್ಕನಿಗೆ ಮೊದಲು ಹೇಳಿದವಳೂ ನಾನೇ.

ಆದರೆ ಅಕ್ಕ ಕೊನೆಗೆ ಮನಸ್ಸು ಮಾಡಿದ್ದು ನನ್ನ ಲೆಕ್ಕ ಕೇಳಿ ಅಲ್ಲ. ಆ ಕ್ಯಾಮೆರಾಕ್ಕೆ ಒಂದು ಚರ್ಮದ ಚೀಲ ಇತ್ತು. ಅಕ್ಕ ಕ್ಯಾಮೆರಾವನ್ನು ಬದಿಗಿಟ್ಟು ಚೀಲವನ್ನು ಬೆಳಕಿಗೆ ಹಿಡಿದಳು. ಹೊಲಿಗೆ ನೋಡಿದಳು. ಪಟ್ಟಿ ಸೇರುವ ಕಡೆ ಯಾರೋ ಕೈಯಲ್ಲೇ ಮತ್ತೆ ಹೊಲಿದಿದ್ದರು, ಮೇಣ ಸವರಿದ ದಾರ, ಅಕ್ಕಿಕಾಳಿನಷ್ಟು ಒಂದೇ ಸಮನಾದ ಹೊಲಿಗೆ. "ನೋಡೇ ಇಲ್ಲಿ, ಇದನ್ನ ಇಟ್ಕೊಂಡಿದ್ದವರು ಎಷ್ಟು ಜೋಪಾನ ಮಾಡಿದ್ದಾರೆ. ಇಂಥವರ ಕೈಲಿದ್ದ ವಸ್ತು ಕೆಟ್ಟಿರಲ್ಲ" ಎಂದಳು. ಮೂವತ್ತೊಂದು ವರ್ಷ ಬಟ್ಟೆ ನೋಡಿ ಮನುಷ್ಯರನ್ನು ಅಳೆದವಳು. ಗಾಜಿನೊಳಗೆ ಇಣುಕಲಿಲ್ಲ, ಒಂದು ಫೋಟೋ ತೆಗೆದು ನೋಡಲಿಲ್ಲ, ಹೊಲಿಗೆಗೆ ಆರು ಸಾವಿರ ಎಣಿಸಿ ಕೊಟ್ಟಳು. ಮೆಮೊರಿ ಕಾರ್ಡನ್ನು ಅಳಿಯ ಸುಮ್ಮನೆ ಹಾಕಿಕೊಟ್ಟ. ನಮಗೇ ಲಾಭ ಎಂದು ನಗುತ್ತ ಬಸ್ಸು ಹತ್ತಿದೆವು.

ಮಾರನೆಯ ದಿನ ಕಿಟಕಿಯ ಪಕ್ಕ ಒಂದು ಕೋಟು ಹಾಸಿ ಅಕ್ಕ ಮೊದಲ ಫೋಟೋ ತೆಗೆದಳು. ಹೊಗೆ ಕವಿದಂತೆ ಬರೀ ಮಬ್ಬು ಕಂಡಿತು. ಇನ್ನೂ ಹತ್ತಿರ ಹೋದಳು, ಇನ್ನೂ ಹೊಗೆ. ಗುಂಡಿಯನ್ನು ಅರ್ಧ ಒತ್ತಿದರೆ ಅದು ಗರ್ ಗರ್ ಎಂದು ಮೂತಿ ಹಿಂದೆ ಮುಂದೆ ಮಾಡಿ ಸುಮ್ಮನಾಗುತ್ತಿತ್ತು. ಹಿಂದೆ ಸರಿಯುತ್ತ ಸರಿಯುತ್ತ ಬೆನ್ನು ಬಾಗಿಲಿಗೆ ತಾಗಿದಾಗ ಚಿತ್ರ ಸ್ಪಷ್ಟವಾಯಿತು. ಅಲ್ಲಿಂದ ಕೋಟು ಕಾಣುತ್ತಿತ್ತು, ನೂಲು ಕಾಣುತ್ತಿರಲಿಲ್ಲ. ಮೂತಿ ಉದ್ದ ಮಾಡಿ ಎಳೆದು ತಂದರೆ ಆ ಮಬ್ಬು ಬೆಳಕಿನಲ್ಲಿ ಕೈ ನಡುಗಿದಷ್ಟೂ ಚಿತ್ರ ಕಲಸಿ ಹೋಗುತ್ತಿತ್ತು. ಸೂಜಿ ಹಿಡಿದರೆ ಕಲ್ಲಿನ ಹಾಗೆ ನಿಲ್ಲುವ ಆ ಕೈ, ಈ ಕಬ್ಬಿಣದ ತುಂಡು ಹಿಡಿದು ಥರಥರ ನಡುಗಿತು.

ನಾಲ್ಕು ದಿನ ಹೀಗೇ ಆಯಿತು. ನಾನು ಆಫೀಸು ಮುಗಿಸಿ ಹೋಗುವಷ್ಟರಲ್ಲಿ ಅಕ್ಕ ಮುನ್ನೂರು, ನಾನ್ನೂರು ಫೋಟೋ ತೆಗೆದಿರುತ್ತಿದ್ದಳು, ಒಂದೂ ಉಪಯೋಗವಿಲ್ಲ. ಕುರ್ಚಿಯ ಮೇಲಿಟ್ಟು ತೆಗೆದಳು, ಪುಸ್ತಕ ಪೇರಿಸಿ ತೆಗೆದಳು, ಛಾವಣಿಗೆ ಹೋಗಿ ಬಿಸಿಲಿನಲ್ಲಿ ತೆಗೆದಳು. ಊಟ ಬಿಟ್ಟಳು. ನಾಲ್ಕನೆಯ ದಿನ ನಾನು ಹೋದಾಗ ಬಾಗಿಲು ತೆಗೆದೇ ಇತ್ತು. ಕ್ಯಾಮೆರಾ ಮಂಚದ ಮೇಲೆ, ಅಕ್ಕ ನೆಲದ ಮೇಲೆ, ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಳು.

"ಅಣ್ಣ ಫೋನ್ ಮಾಡಿದ್ದ. ಕೋಣೆಗೆ ಸುಣ್ಣ ಹೊಡೆಸಿದ್ದಾನಂತೆ" ಎಂದಳು.

ಆ ದೊಡ್ಡ ಕ್ಯಾಮೆರಾ ತೆಗೆದುಕೋ ಎಂದು ತಲೆ ತುಂಬಿದವಳು ನಾನೇ ಅಲ್ಲವೇ? ಅಕ್ಕ ಬಾಯಿ ತಪ್ಪಿಯೂ ಆ ಮಾತು ಆಡಲಿಲ್ಲ. ಆಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಕ್ಯಾಮೆರಾವನ್ನು ಚೀಲಕ್ಕೆ ತುರುಕಿ, "ಏಳು, ಆ ಅಳಿಯನ ಗ್ರಹಚಾರ ಬಿಡಿಸ್ತೀನಿ" ಎಂದು ಅವಳನ್ನು ಎಬ್ಬಿಸಿಕೊಂಡು ಹೊರಟೆ.

ಅಂಗಡಿಯಲ್ಲಿ ಈ ಸಲ ಯಜಮಾನರೇ ಇದ್ದರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಏನನ್ನೋ ಬಿಚ್ಚುತ್ತಿದ್ದರು. ನಾನು ಬಾಯಿಗೆ ಬಂದಂತೆ ಅಂದೆ. ನನ್ನದು ಮುಗಿದ ಮೇಲೆ ಅವರು ಅಕ್ಕನನ್ನು ಕೇಳಿದರು: "ನೀವು ಏನು ತೆಗೆಯೋಕೆ ಅಂತ ತಗೊಂಡ್ರಮ್ಮ?"

"ನೂಲು."

"ಅಯ್ಯೋ ದೇವರೇ! ಇದು ಆಟದ ಮೈದಾನಕ್ಕೆ, ಹಕ್ಕಿಗಳಿಗೆ. ಎರಡು ಗಜದ ಒಳಗಿರೋದು ಇದಕ್ಕೆ ಕಾಣೋದೇ ಇಲ್ಲ. ನಮ್ಮ ಅಳಿಯ ಹೇಳಲಿಲ್ವಾ?" ಅವರು ಎದ್ದು ಆ ಗೀರು ಬಿದ್ದ ಪುಟ್ಟ ಕ್ಯಾಮೆರಾ ತೆಗೆದು, ಹೂವಿನ ಗುಂಡಿ ಒತ್ತಿ, ಅಕ್ಕನ ತೋಳಿನ ಬಟ್ಟೆಗೆ ಎರಡು ಬೆರಳು ದೂರದಲ್ಲಿ ಹಿಡಿದು ಕ್ಲಿಕ್ಕಿಸಿದರು. "ಹೂವು ಅಂದ್ರೆ ಹೂವಲ್ಲಮ್ಮ. ಹತ್ತಿರದಿಂದ ತೆಗೆಯೋದು ಅಂತ ಗುರುತು."

ಪರದೆಯ ಮೇಲೆ ಅಕ್ಕನ ರವಿಕೆಯ ನೂಲುಗಳು ಒಂದೊಂದೂ ಬಿಡಿಬಿಡಿಯಾಗಿ, ಮೇಲೆ ಕೆಳಗೆ ಹಾಯ್ದು ಹೋಗುವುದು ಕಂಡಿತು. ಅಕ್ಕ ಬೆರಳು ಇಟ್ಟು ಎಣಿಸಿದಳು. ಎಣಿಸುತ್ತಲೇ ಕಣ್ಣೀರು ಸುರಿಯಿತು. ಆ ಅಂಗಡಿಯಲ್ಲಿ, ಆ ಅಪರಿಚಿತ ಮನುಷ್ಯನೆದುರು, ಅಷ್ಟು ದಿನ ತಡೆದಿದ್ದುದೆಲ್ಲ ಹೊರಗೆ ಬಂತು.

ಯಜಮಾನರು ಬದಲಿಸಿ ಕೊಟ್ಟರು. ನಡುವಿನ ನಾಲ್ಕು ಸಾವಿರ ಕೇಳಿದ್ದಕ್ಕೆ ಗೋಡೆಯ ಬೋರ್ಡು ತೋರಿಸಿದರು. ದುಡ್ಡು ವಾಪಸ್ ಕೊಟ್ಟರೆ ಮನೆಯಲ್ಲಿ ಅಳಿಯ ಬಾಯಿ ಮಾಡುತ್ತಾನೆ, ನನ್ನ ಕೈಲಿ ಏನೂ ಇಲ್ಲ ಎಂದು ತಲೆ ತಗ್ಗಿಸಿದರು. ನಾನು ಇನ್ನೊಂದು ಸುತ್ತು ಜಗಳಕ್ಕೆ ಸೆರಗು ಬಿಗಿಯುತ್ತಿದ್ದೆ. "ಸಾಕು ಬಾರೇ, ನೂಲು ಕಾಣ್ತಲ್ಲ" ಎಂದು ಅಕ್ಕ ಹೊರಟೇಬಿಟ್ಟಳು. ಬಾಡಿಗೆ ದುಡ್ಡು ಪೂರ್ತಿ ಹೋಗಿತ್ತು.

ಗಿರಾಕಿಗಳು ಇನ್ನೂ ಒಯ್ಯದೆ ಬಿಟ್ಟಿದ್ದ ಬಟ್ಟೆಗಳಲ್ಲಿ ಅತ್ಯುತ್ತಮವಾದ ಹತ್ತನ್ನು ಆರಿಸಿ, ಅಕ್ಕ ಹತ್ತಿರದಿಂದ ಫೋಟೋ ತೆಗೆದಳು. ಹದಿನೆಂಟಕ್ಕೆ ನಾನು ಆಫೀಸಿನ ಕಂಪ್ಯೂಟರಿನಿಂದ ಕಳಿಸಿದೆ. ಮಾರನೆಯ ದಿನವೇ ಉತ್ತರ ಬಂತು. ಅದರಲ್ಲಿ ಹೀಗೆ ಬರೆದಿತ್ತು:

ನೀವು ಕಳಿಸಿದ್ದು ಹರಿಯದೇ ಇರುವ ಬಟ್ಟೆಗಳ ಚಿತ್ರಗಳು. ಇವುಗಳಲ್ಲಿ ಯಾವ ಕೆಲಸವೂ ಕಾಣುವುದಿಲ್ಲ. ಒಂದೇ ಒಂದು ಬಟ್ಟೆಯದಾದರೂ ಸರಿ, ಮೊದಲು ತೂತು ಇದ್ದ ಚಿತ್ರ, ಆಮೇಲೆ ರಿಪೇರಿಯಾದ ಚಿತ್ರ ಕಳಿಸಿ. ರಿಪೇರಿಯಾದ ಜಾಗ ನೋಡಿದ ಕೂಡಲೇ ಗೊತ್ತಾಗಬೇಕು. ನಾಳೆ ಸಂಜೆ ಐದರ ನಂತರ ಬಂದದ್ದನ್ನು ನೋಡುವುದಿಲ್ಲ.

ತೂತಿನ ಚಿತ್ರ ಅಕ್ಕನ ಹತ್ತಿರ ಒಂದೂ ಇರಲಿಲ್ಲ. ಇರುವುದಾದರೂ ಹೇಗೆ? ಗಿರಾಕಿಯ ತೂತನ್ನು ಇನ್ನೊಬ್ಬರಿಗೆ ತೋರಿಸಬಾರದು ಎನ್ನುವುದು ಅವಳಿಗೆ ಕೆಲಸ ಕಲಿಸಿದ ಮುದುಕರು ಹಾಕಿಕೊಟ್ಟ ನೇಮ. ಬಟ್ಟೆ ಕೈಗೆ ಬಂದ ಕೂಡಲೇ ಹರಿದ ಭಾಗ ಒಳಗಾಗುವಂತೆ ಮಡಚಿಡುತ್ತಿದ್ದಳು. ಎದುರಿಗೆ ಕುಳಿತಿರುತ್ತಿದ್ದ ಡ್ರೈಕ್ಲೀನಿಂಗ್‌ನವನೇ ಅವಳ ಕೈಯಲ್ಲಿ ತೂತು ನೋಡಿರಲಿಲ್ಲ.

ಇಪ್ಪತ್ತರಂದು ನಾನು ಅರ್ಧ ದಿನ ರಜೆ ಹಾಕಿ ಹೋದೆ. ಅಕ್ಕ ತನ್ನ ನೀಲಿ ಉಣ್ಣೆಯ ಶಾಲು ಹಾಸಿ, ಕತ್ತರಿಯಿಂದ ಅದರ ನಡುವೆ ಒಂದು ತೂತು ಮಾಡಿಟ್ಟಿದ್ದಳು. ಚಳಿಗೆ ಅವಳಿಗಿದ್ದುದು ಅದೊಂದೇ. ತೂತಿನ ಫೋಟೋ ಆಗಿತ್ತು. ಸೂಜಿಗೆ ಬಿಳಿ ನೂಲು ಪೋಣಿಸಿಕೊಂಡು ಕುಳಿತಿದ್ದಳು.

"ಎದ್ದು ಕಾಣ್ಬೇಕಂತಲ್ಲ, ಅದಕ್ಕೇ ಬಿಳಿ" ಎಂದಳು.

ಎರಡು ಎಳೆ ಹಾಕಿದಳು, ಬಿಚ್ಚಿದಳು. ಮತ್ತೆ ಹಾಕಿದಳು, ಮತ್ತೆ ಬಿಚ್ಚಿದಳು. ಒಂದು ಗಂಟೆಯಾಯಿತು, ಎರಡಾಯಿತು. ನಾನು ಗಡಿಯಾರ ನೋಡುತ್ತ, ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ಮೂರೂಕಾಲಿಗೆ ಅಕ್ಕ ಸೂಜಿ ಕೆಳಗಿಟ್ಟಳು.

"ನನ್ನ ಕೈಲಿ ಆಗಲ್ಲ ಕಣೇ."

"ಆಗಲ್ಲ ಅಂದ್ರೆ? ಅಣ್ಣನ ಮನೇಲಿ ಪಾತ್ರೆ ತಿಕ್ಕೋದು ಆಗುತ್ತಾ?" ಎಂದು ಕಿರುಚಿದೆ.

"ಗೊತ್ತು. ಎಲ್ಲಾ ಗೊತ್ತು. ಆದ್ರೆ ಬೆರಳು ಬರ್ತಿಲ್ಲ. ನಾನು ಬೇಕಂತಲೇ ಹೊಲಸು ಮಾಡಿದ್ರೆ, ನಾಳೆ ಇದೇ ಕೈಲಿ ಇನ್ನೊಬ್ಬರ ಬಟ್ಟೆ ಹೇಗೆ ಹಿಡೀಲಿ?"

"ಕೊಡಿಲ್ಲಿ!"

ಕಿತ್ತುಕೊಂಡೆ. ರವಿಕೆಯ ಹುಕ್ಕು ಕಿತ್ತರೆ ಪಿನ್ನು ಚುಚ್ಚಿಕೊಂಡು ಆಫೀಸಿಗೆ ಹೋಗುವವಳು ನಾನು. ಮೂರು ಸಲ ಬೆರಳಿಗೆ ಚುಚ್ಚಿಕೊಂಡು, ಅಡ್ಡಾದಿಡ್ಡಿ ಎಳೆದು, ಗಂಟಿನ ಮೇಲೆ ಗಂಟು ಹಾಕಿ ಆ ತೂತನ್ನು ಹೇಗೋ ಮುಚ್ಚಿದೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಮುಗಿದ ಮೇಲೆ ಎದ್ದು ಬಂದು, ಹೂವಿನ ಗುಂಡಿ ಒತ್ತಿ, ಉಸಿರು ಬಿಗಿ ಹಿಡಿದು ಒಂದೇ ಒಂದು ಫೋಟೋ ತೆಗೆದಳು. ಕಾರ್ಡು ಕಿತ್ತುಕೊಂಡು ನಾನು ಮೆಟ್ಟಿಲು ಇಳಿದು ಓಡಿದೆ. ನಾಲ್ಕೂ ಐವತ್ತಕ್ಕೆ ಕಳಿಸಿದೆ.

ಭಾನುವಾರ ಬೆಳಿಗ್ಗೆ ನಾನು ಅಕ್ಕನ ಕೋಣೆಯಲ್ಲಿದ್ದಾಗ ಫೋನು ಬಂತು. ಕಂಪನಿಯ ಮೇಡಮ್ಮು. ಅಕ್ಕನ ಆ ಹಳೆಯ ಫೋನಿನಲ್ಲಿ ಆಚೆಯವರ ಮಾತು ಕೋಣೆಗೆಲ್ಲ ಕೇಳುತ್ತದೆ.

"ಈಗ ನೋಡಿ ಕೆಲಸ ಚೆನ್ನಾಗಿ ಕಾಣ್ತಿದೆ. ನಮ್ಮ ಸಾಹೇಬ್ರಿಗೆ ತುಂಬಾ ಇಷ್ಟ ಆಯ್ತು, ಕೈಕೆಲಸ ಅಂದ್ರೆ ಹೀಗಿರಬೇಕು ಅಂದ್ರು. ಬರೋ ವಾರ ಮೊದಲ ಪಾರ್ಸೆಲ್ ಬರುತ್ತೆ. ಮುಂಗಡಾನೂ ಕಳಿಸ್ತೀವಿ. ಒಂದೇ ಮಾತು ಕೇಳ್ಬೇಕಿತ್ತು. ಇದು ನಿಮ್ಮ ಕೈಯಾರೆ ಮಾಡಿದ್ದೇ ತಾನೆ? ಬೇರೆಯವರ ಕೆಲಸ ತಮ್ಮದು ಅಂತ ಕಳಿಸೋರು ಇರ್ತಾರೆ, ಅದಕ್ಕೆ."

ಅಕ್ಕ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಆಚೆಯಿಂದ ಮೇಡಮ್ಮು ಎರಡು ಸಲ "ಹಲೋ" ಎಂದಳು.

"ಹೌದು ಮೇಡಂ" ಎಂದಳು ಅಕ್ಕ. "ನಾನೇ ಮಾಡಿದ್ದು."

ಫೋನಿಟ್ಟು, ಅಣ್ಣನ ನಂಬರು ಒತ್ತಿ, "ಹಿಂದಿನ ಕೋಣೆಗೆ ಸಾಮಾನು ವಾಪಸ್ ಇಡಿಸ್ಕೋ ಅಣ್ಣ" ಎಂದಳು. ಆಮೇಲೆ ಶಾಲನ್ನು ಮಡಿಲಿಗೆ ಎಳೆದುಕೊಂಡು ನನ್ನ ಗಂಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಶಾಲಿನ ಮಡಿಕೆಯಿಂದ ನೀಲಿ ಎಳೆ ಬಿಡಿಸಿ ಸೂಜಿಗೆ ಪೋಣಿಸಿದಳು. ನಾನು ಅಡಿಗೆ ಮಾಡಿದೆ, ಬಡಿಸಿದೆ, ಅವಳು ಉಣ್ಣಲಿಲ್ಲ. ಮೂರು ಗಂಟೆಯ ಹೊತ್ತಿಗೆ ಶಾಲು ಕೊಡವಿ ಕಿಟಕಿಯ ಬೆಳಕಿಗೆ ಹಾಸಿದಳು. ಎಷ್ಟು ಹುಡುಕಿದರೂ ಆ ಜಾಗ ನನಗೆ ಸಿಗಲಿಲ್ಲ.

"ಇದರದ್ದು ಒಂದು ಫೋಟೋ ತೆಗಿ" ಎಂದು ಕ್ಯಾಮೆರಾ ನನ್ನ ಕೈಗಿಟ್ಟಳು.

"ಎಲ್ಲಿ ಅಂತ ತೆಗೀಲಿ? ಯಾವ ಜಾಗ?"

ಅಕ್ಕ ಬೆರಳಿಟ್ಟು ತೋರಿಸಿದಳು.

"ಯಾರಿಗೆ ಕಳಿಸೋದು ಅಕ್ಕ?"

"ಯಾರಿಗೂ ಬೇಡ" ಎಂದಳು.

ನಾನು ಹೂವಿನ ಗುಂಡಿ ಒತ್ತಿ ತೆಗೆದೆ. ನೀಲಿ ಉಣ್ಣೆ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಅಕ್ಕ ಅದನ್ನು ತುಂಬ ಹೊತ್ತು ನೋಡುತ್ತಾ ಕುಳಿತಿದ್ದಳು.